ಗೆದ್ದ ಕೇಸಿನ ನೋವು: ವಕೀಲಳಾದ ಮಗಳಿಗೆ ಒಂದು ಕಾಗದ

ಚಿ. ಪುಟ್ಟಿಗೆ,

ನಿನ್ನ ಕಾಗದ ಕೈಸೇರಿತು. ಫೋನಿರುವ ಈ ಕಾಲದಲ್ಲಿ ಎರಡು ಹಾಳೆ ಕೈಬರಹದಲ್ಲಿ ಬರೆದಿದ್ದೀಯ ಎಂದರೆ ಬಾಯಲ್ಲಿ ಹೇಳಲಾಗದ್ದು ಏನೋ ಇದೆ ಎಂದು ಒಡೆಯುವ ಮೊದಲೇ ಅನ್ನಿಸಿತು.

ಸೀನಿಯರ್ ನಿನ್ನ ಕೈಗೆ ಕೊಟ್ಟ ಮಳಿಗೆ ಖಾಲಿ ಮಾಡಿಸುವ ಕೇಸು, ಸೈಕಲ್ ರಿಪೇರಿ ಅಂಗಡಿಯ ಆ ಮುದುಕ, ಆತ ಬಾಡಿಗೆ ಕಟ್ಟುತ್ತಲೇ ಬಂದಿದ್ದರೂ ಕೈಯಲ್ಲಿ ರಸೀದಿ ಇಲ್ಲದ್ದನ್ನು ನೀನೇ ಹಿಡಿದು ವಾದಿಸಿದ್ದು, ಡಿಕ್ರಿ ಆದ ಮೇಲೆ ಆತ ಹೊರಗೆ ನಿನಗೇ ಕೈಮುಗಿದು ಹೋದದ್ದು, ಎಲ್ಲ ಓದಿದೆ. ‘ಆಫೀಸಿನಲ್ಲಿ ಎಲ್ಲರೂ ಶಹಬ್ಬಾಸ್ ಅಂದರು, ನನಗೆ ಅನ್ನ ಸೇರಲಿಲ್ಲ ದೊಡ್ಡಪ್ಪ, ಈ ವೃತ್ತಿ ನನಗೆ ಒಗ್ಗುತ್ತದೆಯೇ?’ ಎಂದು ಕೇಳಿದ್ದೀಯ.

ವಕೀಲರ ಕೆಲಸ ಕಕ್ಷಿದಾರರ ಪರ ನಿಲ್ಲುವುದು, ತೀರ್ಮಾನ ಮಾಡುವವರು ನ್ಯಾಯಾಧೀಶರು, ನಿನ್ನದೇನೂ ತಪ್ಪಿಲ್ಲ ಎಂದು ಎರಡು ಸಾಲು ಬರೆದು ಮುಗಿಸಬಹುದಿತ್ತು. ಅದು ಸುಳ್ಳೂ ಅಲ್ಲ. ಆದರೆ ಆ ಮಾತಿನಿಂದ ನಿನಗೆ ಅನ್ನ ಸೇರುವುದಿಲ್ಲ ಎಂದು ನನಗೆ ಗೊತ್ತು. ಅದಕ್ಕೇ ನಾನು ಬಹಳ ವರ್ಷಗಳಿಂದ ಮೆಚ್ಚಿಕೊಂಡು ಬಂದ ಒಬ್ಬ ವಕೀಲನ ಬಾಳಿನ ಕತೆಯನ್ನು ಬರೆಯುತ್ತಿದ್ದೇನೆ. ಕಾಗದ ಉದ್ದವಾಗುತ್ತದೆ. ರಜೆಯ ದಿನ ಕೂತು ಓದು.

ಅವನ ಹೆಸರು ಥ್ಯಾಡಿಯಸ್ ಸ್ಟೀವನ್ಸ್. ಅಮೆರಿಕದ ಅಂತರ್ಯುದ್ಧ ಎಂದರೆ ನಮಗೆ ನೆನಪಾಗುವುದು ಲಿಂಕನ್ ಒಬ್ಬನೇ. ಲಿಂಕನ್ನನ ಪಕ್ಷದವನೇ ಆಗಿದ್ದು, ಅವನನ್ನು ಬೆನ್ನ ಹಿಂದಿನಿಂದ ತಳ್ಳುತ್ತ, ‘ಇನ್ನೂ ಮುಂದೆ ನಡಿ, ಇಲ್ಲಿ ನಿಲ್ಲಬೇಡ’ ಎನ್ನುತ್ತಿದ್ದವನು ಈ ಸ್ಟೀವನ್ಸ್.

ಅವನು ಹುಟ್ಟಿದ್ದು 1792ರ ಏಪ್ರಿಲ್ 4ರಂದು, ವರ್ಮಾಂಟ್ ರಾಜ್ಯದ ಡ್ಯಾನ್‌ವಿಲ್ ಎಂಬ ಹಳ್ಳಿಯಲ್ಲಿ. ಹುಟ್ಟುವಾಗಲೇ ಒಂದು ಪಾದ ಸೊಟ್ಟಗಿತ್ತು. ಆ ಕಾಲದ ಜನ ಅಂಥ ಮಗುವನ್ನು ದೇವರ ಶಾಪಕ್ಕೆ ಒಳಗಾದದ್ದು ಎಂದು ನೋಡುತ್ತಿದ್ದರು. ಅಪ್ಪ ಚಪ್ಪಲಿ ಹೊಲಿಯುವ ಕೆಲಸವನ್ನೂ ಬೇಸಾಯವನ್ನೂ ಮಾಡಿ, ಯಾವುದರಲ್ಲೂ ನೆಲೆ ನಿಲ್ಲದೆ, ಕಡೆಗೆ ಹೆಂಡತಿಯನ್ನೂ ನಾಲ್ಕು ಗಂಡುಮಕ್ಕಳನ್ನೂ ಬಿಟ್ಟು ಹೊರಟೇ ಹೋದ. ತಾಯಿ ಸಾರಾ, ಈ ಕುಂಟ ಹುಡುಗ ಗದ್ದೆ ಕೆಲಸಕ್ಕೆ ಆಗಲಾರ, ಓದಿಯಾದರೂ ಬದುಕಲಿ ಎಂದು ಶಾಲೆ ಇದ್ದ ಪೀಚಮ್ ಊರಿಗೆ ಸಂಸಾರವನ್ನೇ ಎತ್ತಿಕೊಂಡು ಬಂದಳು. ಆ ತಾಯಿಯ ಋಣವನ್ನು ಅವನು ಒಂದು ದಿನಕ್ಕೂ ಮರೆಯಲಿಲ್ಲ. ಕೈಗೆ ದುಡ್ಡು ಬಂದಾಗ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಆಕೆಗೆ ಜಮೀನು, ಹಸುಗಳನ್ನು ಕೊಂಡುಕೊಟ್ಟದ್ದು. ಸಾಯುವ ಮುಂಚೆ ಬರೆದ ಉಯಿಲಿನಲ್ಲಿ, ಅಮ್ಮನ ಸಮಾಧಿಯ ನಾಲ್ಕು ಮೂಲೆಯಲ್ಲೂ ಪ್ರತಿ ವಸಂತದಲ್ಲಿ ಗುಲಾಬಿಯಂಥ ಹೂಗಿಡ ನೆಡಬೇಕೆಂದು ಹಣ ತೆಗೆದಿಟ್ಟಿದ್ದಾನೆ. ನಾನು ಎಷ್ಟೋ ಉಯಿಲುಗಳನ್ನು ಬರೆದುಕೊಟ್ಟಿದ್ದೇನೆ. ಇಂಥ ಕಲಮು ಬರೆಸಿದವರು ಯಾರೂ ನನಗೆ ಸಿಕ್ಕಿಲ್ಲ.

1814ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಪದವಿ ಮುಗಿಸಿ ಪೆನ್ಸಿಲ್ವೇನಿಯಾದ ಯಾರ್ಕ್ ಎಂಬ ಊರಿಗೆ ಮೇಷ್ಟ್ರ ಕೆಲಸಕ್ಕೆ ಬಂದ. ಹಗಲು ಪಾಠ, ರಾತ್ರಿ ಕಾನೂನು ಪುಸ್ತಕ. ಬೇರೆ ಕೆಲಸ ಮಾಡುತ್ತ ಕಾನೂನು ಕಲಿತವರಿಗೆ ಸನ್ನದು ಇಲ್ಲ ಎಂದು ಆ ಊರಿನ ವಕೀಲರು ನಿಯಮ ಮಾಡಿಕೊಂಡರು. ಸ್ಟೀವನ್ಸ್ ಜಗಳಕ್ಕೆ ನಿಲ್ಲದೆ ಪಕ್ಕದ ಮೇರಿಲ್ಯಾಂಡ್ ರಾಜ್ಯದ ಬೆಲ್ ಏರ್ ಊರಿಗೆ ಹೋಗಿ, ಪರೀಕ್ಷೆ ಮಾಡುವವರ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಅಲ್ಲಿನ ವಾಡಿಕೆಯಂತೆ ಅವರಿಗೆ ಮದಿರಾ ಮದ್ಯದ ಬಾಟಲಿಗಳನ್ನೂ ಕೊಟ್ಟು ಸನ್ನದು ಪಡೆದುಕೊಂಡು ಬಂದ. 1816ರಲ್ಲಿ ಗೆಟಿಸ್‌ಬರ್ಗ್ ಊರಿನಲ್ಲಿ ಆಫೀಸು ತೆರೆದ. ನೀನು ಬಾರ್ ಕೌನ್ಸಿಲ್ ಪರೀಕ್ಷೆಗೆ ರಾತ್ರಿಯೆಲ್ಲ ಓದಿದ್ದನ್ನು ನೋಡಿದವನು ನಾನು. ಆ ಕಾಲದ ಸನ್ನದಿನ ದಾರಿಯೇ ಬೇರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ನಿಧಾನವಾಗಿ ಓದು.

ಪೆನ್ಸಿಲ್ವೇನಿಯಾ ಗುಲಾಮಗಿರಿಯನ್ನು ಹಂತಹಂತವಾಗಿ ತೆಗೆಯಲು 1780ರಲ್ಲೇ ಕಾನೂನು ಮಾಡಿದ್ದ ರಾಜ್ಯ. ಹೊರರಾಜ್ಯದ ಒಡೆಯ ತನ್ನ ಗುಲಾಮರನ್ನು ಅಲ್ಲಿ ಆರು ತಿಂಗಳು ಇರಿಸಿಕೊಂಡರೆ ಅವರು ಸ್ವತಂತ್ರರು. ಗೆಟಿಸ್‌ಬರ್ಗ್‌ನಿಂದ ಮೇರಿಲ್ಯಾಂಡ್ ಗಡಿ ಕೆಲವೇ ಮೈಲಿ ದೂರ. ಮೇರಿಲ್ಯಾಂಡಿನಲ್ಲಿ ಗುಲಾಮಗಿರಿ ಕಾಯ್ದೆಬದ್ಧ. ಚಾರಿಟಿ ಬಟ್ಲರ್ ಎಂಬ ಕಪ್ಪು ಹೆಣ್ಣುಮಗಳನ್ನು ಮೇರಿಲ್ಯಾಂಡಿನವರು ಪೆನ್ಸಿಲ್ವೇನಿಯಾಕ್ಕೆ ಮತ್ತೆ ಮತ್ತೆ ಕರೆತಂದು ವಾಪಸು ಕರೆದುಕೊಂಡು ಹೋಗಿದ್ದರು. ಆ ದಿನಗಳನ್ನೆಲ್ಲ ಕೂಡಿದರೆ ಆರು ತಿಂಗಳು ಮೀರುತ್ತದೆ, ಆದ್ದರಿಂದ ನಾನೂ ನನ್ನ ಮಕ್ಕಳೂ ಸ್ವತಂತ್ರರು ಎಂಬುದು ಆಕೆಯ ಕಡೆಯ ವಾದ. ಆಕೆಯ ಒಡೆಯನ ಪರ ವಕೀಲನಾಗಿ ನಿಂತವನು ಸ್ಟೀವನ್ಸ್. ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಕಾನೂನು ಹೇಳುವುದು ಒಂದೇ ಸಮನೆ ಆರು ತಿಂಗಳು, ಬಿಡಿಬಿಡಿ ದಿನಗಳನ್ನು ಕೂಡಿಸುವಂತಿಲ್ಲ ಎಂದು ವಾದಿಸಿದ. 1821ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಿತು. ಚಾರಿಟಿ ಬಟ್ಲರ್ ಮಕ್ಕಳ ಸಮೇತ ಗುಲಾಮಳಾಗಿಯೇ ಉಳಿದಳು.

ವಾದ ಅಚ್ಚುಕಟ್ಟಾಗಿತ್ತು. ಕಾನೂನಿನ ಒಂದು ಪದವನ್ನು ಹಿಡಿದು ಒಂದು ಸಂಸಾರದ ಸ್ವಾತಂತ್ರ್ಯವನ್ನು ಕಸಿದ ಅಚ್ಚುಕಟ್ಟು ಅದು. ಪುಟ್ಟಿ, ನೀನು ರಸೀದಿ ಹಿಡಿದದ್ದನ್ನು ಓದುವಾಗ ನನಗೆ ನೆನಪಾದದ್ದು ಈ ಕೇಸು. ನಿನ್ನದು ಅಷ್ಟು ಘೋರವಾದದ್ದಲ್ಲ. ಆ ಮುದುಕನಿಗೆ ಇನ್ನೂ ಅಪೀಲಿನ ದಾರಿ ಇದೆ. ನೀನು ಅವನ ಪರ ಹೋಗಿ ನಿಲ್ಲುವಂತಿಲ್ಲ, ಕಕ್ಷಿದಾರರಿಂದ ತಿಳಿದದ್ದನ್ನು ಅವನಿಗೆ ಹೇಳುವಂತೆಯೂ ಇಲ್ಲ. ಅದು ನಮ್ಮ ವೃತ್ತಿಧರ್ಮ. ಆದರೆ ಮುಂದೆ ಯಾವ ಕೇಸಿಗೆ ವಕಾಲತ್ತು ಹಾಕುತ್ತೀ, ಯಾವುದಕ್ಕೆ ಹಾಕುವುದಿಲ್ಲ ಎಂಬುದು ನಿನ್ನ ಕೈಯಲ್ಲಿದೆ. ನಿನ್ನ ಸೀನಿಯರ್ ಮುಂದೆ ಕೂತು ಅದನ್ನು ವಿನಯದಿಂದ, ಮುಚ್ಚುಮರೆ ಇಲ್ಲದೆ ಹೇಳು.

ಸ್ಟೀವನ್ಸ್ ಆಮೇಲೆ ಏನು ಮಾಡಿದ ಎಂಬುದನ್ನು ನೋಡು. ಪಶ್ಚಾತ್ತಾಪದ ಭಾಷಣ ಮಾಡುತ್ತ ಕೂರಲಿಲ್ಲ, ವೃತ್ತಿಯನ್ನೂ ಬಿಡಲಿಲ್ಲ. ಓಡಿಬಂದ ಗುಲಾಮರನ್ನು ಹಿಡಿಯಲು ಒಡೆಯರು ಗಡಿ ದಾಟಿ ಬಂದಾಗ, ಆ ಗುಲಾಮರ ಪರ ಕೋರ್ಟಿನಲ್ಲಿ ನಿಲ್ಲುವ ವಕೀಲನಾದ. ಕಾನೂನು ಪುಸ್ತಕ ಕೊಳ್ಳಲು ಬಾಲ್ಟಿಮೋರಿಗೆ ಹೊರಟವನು ದಾರಿಯಲ್ಲಿ, ಮಾರಾಟಕ್ಕಿಟ್ಟಿದ್ದ ಒಬ್ಬ ಗುಲಾಮನ ಬಿಡುಗಡೆಗೆ ಆ ಹಣವನ್ನೇ ಕೊಟ್ಟು ಬರಿಗೈಯಲ್ಲಿ ಊರಿಗೆ ಮರಳಿದ ಎಂಬ ಒಂದು ಕತೆಯನ್ನು ಅವನ ಬಗ್ಗೆ ಹೇಳುತ್ತಾರೆ. ಜನ ಒಬ್ಬ ವಕೀಲನ ಮೇಲೆ ಇಂಥ ಕತೆ ಹೇಳುವ ಹಾಗಾಗಬೇಕಾದರೆ ಅವನು ಎಷ್ಟು ಬದಲಾಗಿರಬೇಕು ಎಂದು ಯೋಚಿಸು.

ಅವನ ಬಾಳಿನಲ್ಲಿ ನನಗೆ ತುಂಬ ಇಷ್ಟವಾದ ಭಾಗ 1835ರದ್ದು. ಅಷ್ಟರಲ್ಲಿ ಅವನು ರಾಜ್ಯದ ಶಾಸನಸಭೆಗೆ ಆರಿಸಿ ಬಂದಿದ್ದ. ಹಿಂದಿನ ವರ್ಷವಷ್ಟೇ ಪೆನ್ಸಿಲ್ವೇನಿಯಾ, ಎಲ್ಲ ಮಕ್ಕಳಿಗೂ ಉಚಿತ ಸರ್ಕಾರಿ ಶಾಲೆ ಎಂಬ ಕಾಯ್ದೆ ಮಾಡಿತ್ತು. ಶಾಲೆಗೆಂದು ತೆರಿಗೆ ಬಿತ್ತು. ನಮ್ಮ ದುಡ್ಡಿನಲ್ಲಿ ಬೇರೆಯವರ ಮಕ್ಕಳು ಯಾಕೆ ಓದಬೇಕು ಎಂದು ರೈತರು, ಹಣವಂತರು, ತಮ್ಮದೇ ಚರ್ಚ್ ಶಾಲೆ ಇದ್ದವರು, ಎಲ್ಲರೂ ಎದ್ದು ನಿಂತರು. ಕಾಯ್ದೆ ರದ್ದು ಮಾಡಿ ಎಂಬ ಅರ್ಜಿಗಳು ರಾಶಿ ಬಿದ್ದವು. ಮೇಲ್ಮನೆ ರದ್ದತಿಗೆ ಒಪ್ಪಿಯೂ ಆಗಿತ್ತು. ಸ್ಟೀವನ್ಸ್‌ನ ಸ್ವಂತ ಮತದಾರರೂ ರದ್ದತಿಯ ಕಡೆಗಿದ್ದರು. ಕಾಯ್ದೆ ತಂದ ಗವರ್ನರ್ ಜಾರ್ಜ್ ವುಲ್ಫ್ ಅವನ ಎದುರು ಪಕ್ಷದವನು. ಅಂದರೆ ಸುಮ್ಮನಿದ್ದುಬಿಡಲು ಅವನಿಗೆ ಎಲ್ಲ ಕಾರಣವೂ ಇತ್ತು.

ಏಪ್ರಿಲ್ ತಿಂಗಳ ಒಂದು ದಿನ ಎದ್ದುನಿಂತು ಅವನು ಮಾಡಿದ ಭಾಷಣ ಗಾಳಿಯ ದಿಕ್ಕನ್ನೇ ತಿರುಗಿಸಿತು. ಜೈಲಿಗೆ, ಕೋರ್ಟಿಗೆ ತೆರಿಗೆ ಕೊಡುತ್ತೀರಿ, ತಪ್ಪು ಮಾಡಿದವರನ್ನು ಶಿಕ್ಷಿಸಲು ಖರ್ಚು ಮಾಡುತ್ತೀರಿ. ತಪ್ಪಿನ ದಾರಿ ಹಿಡಿಯದಂತೆ ಮಕ್ಕಳನ್ನು ಬೆಳೆಸಲು ಕೊಡಲಾರಿರಾ ಎಂಬ ಧಾಟಿಯಲ್ಲಿ ಮಾತಾಡಿದ. ಬಡವರ ಮಕ್ಕಳಿಗೆ ಮಾತ್ರ ದಾನದ ಶಾಲೆ ಇರಲಿ ಎಂದವರಿಗೆ ಅವನು ಕೊಟ್ಟ ಉತ್ತರ ಖಾರವಾಗಿತ್ತು: ಹಾಗೆ ಮಾಡುವುದೆಂದರೆ ಬಡಮಕ್ಕಳ ಹಣೆಯ ಮೇಲೆ ಬಡತನದ ಮುದ್ರೆ ಒತ್ತಿದಂತೆ. ಸಭೆ ಅವನ ಕಡೆ ವಾಲಿತು, ಮೇಲ್ಮನೆಯೂ ತನ್ನ ತೀರ್ಮಾನವನ್ನು ಬದಲಿಸಿತು, ಶಾಲೆಗಳು ಉಳಿದವು. ಆ ದಿನ ಅವನು ಮಾತಾಡದೆ ಇದ್ದಿದ್ದರೆ ಪೆನ್ಸಿಲ್ವೇನಿಯಾದ ಎಷ್ಟು ಬಡಮಕ್ಕಳಿಗೆ ಅಕ್ಷರ ತಪ್ಪಿಹೋಗುತ್ತಿತ್ತೋ. ನೀನೂ ನಾನೂ ಸರ್ಕಾರಿ ಶಾಲೆಯ ಬೆಂಚಿನಿಂದ ಎದ್ದು ಬಂದವರು. ಈ ಭಾಗ ಓದುವಾಗ ನನ್ನ ಕಣ್ಣು ಒದ್ದೆಯಾಗುವುದರಲ್ಲಿ ಆಶ್ಚರ್ಯವಿಲ್ಲ.

ಮೂರು ವರ್ಷದ ಮೇಲೆ ಅದೇ ರಾಜ್ಯ ಹೊಸ ಸಂವಿಧಾನ ಬರೆದುಕೊಂಡಿತು. ಅದರಲ್ಲಿ ಮತದಾನದ ಹಕ್ಕು ಬಿಳಿಯ ಗಂಡಸರಿಗೆ ಮಾತ್ರ ಎಂದು ಸೇರಿಸಿದರು. ಅಲ್ಲಿಯವರೆಗೆ ಕೆಲವು ಕಡೆ ಮತ ಹಾಕುತ್ತಿದ್ದ ಕಪ್ಪು ಜನರ ಹಕ್ಕು ಹೋಯಿತು. ಆ ಸಂವಿಧಾನ ಸಭೆಯ ಸದಸ್ಯನಾಗಿದ್ದ ಸ್ಟೀವನ್ಸ್ ದಸ್ತಾವೇಜಿಗೆ ಸಹಿ ಹಾಕಲು ಒಪ್ಪಲೇ ಇಲ್ಲ.

ಕಬ್ಬಿಣ ಕರಗಿಸುವ ಕಾರ್ಖಾನೆಯೊಂದಕ್ಕೆ ಬಂಡವಾಳ ಹಾಕಿ ಮೈತುಂಬ ಸಾಲ ಮಾಡಿಕೊಂಡಿದ್ದರಿಂದ 1842ರಲ್ಲಿ ಲ್ಯಾಂಕಾಸ್ಟರ್ ಊರಿಗೆ ಬಂದು ಮತ್ತೆ ವಕೀಲಿಯಿಂದ ದುಡಿದು ಸಾಲ ತೀರಿಸತೊಡಗಿದ. ಮದುವೆಯಾಗಲಿಲ್ಲ. ಅಲ್ಲಿ ಅವನ ಮನೆಯ ಆಡಳಿತ ನೋಡಿಕೊಳ್ಳಲು ಬಂದವರು ಲಿಡಿಯಾ ಹ್ಯಾಮಿಲ್ಟನ್ ಸ್ಮಿತ್ ಎಂಬ ಮಿಶ್ರವರ್ಣದ ಹೆಣ್ಣುಮಗಳು. ಎರಡು ದಶಕ, ಅವನು ಸಾಯುವವರೆಗೂ ಆಕೆ ಆ ಮನೆಯನ್ನು ನಡೆಸಿದರು. ಬಿಳಿಯರು ಕಪ್ಪು ಹೆಂಗಸರನ್ನು ಬರಿ ಹೆಸರು ಹಿಡಿದು ಕೂಗುತ್ತಿದ್ದ ಕಾಲದಲ್ಲಿ ಸ್ಟೀವನ್ಸ್ ಅವರನ್ನು ಮಿಸೆಸ್ ಸ್ಮಿತ್ ಎಂದೇ ಕರೆಯುತ್ತಿದ್ದ, ಮನೆಗೆ ಬಂದವರೂ ಹಾಗೇ ಕರೆಯಬೇಕಿತ್ತು. ಊರು ಅವರಿಬ್ಬರ ಬಗ್ಗೆ ನೂರು ಆಡಿಕೊಂಡಿತು. ಅವನು ಯಾರಿಗೂ ವಿವರಣೆ ಕೊಡಲು ಹೋಗಲಿಲ್ಲ. ಆಕೆ ದುಡ್ಡು ಕೂಡಿಟ್ಟು ಆಸ್ತಿ ಮಾಡಿಕೊಂಡ ಜಾಣೆ. ಈಚಿನ ದಶಕಗಳಲ್ಲಿ ಆ ಮನೆಯ ಹಿತ್ತಿಲನ್ನು ಅಗೆದ ಪುರಾತತ್ವಜ್ಞರಿಗೆ ಹಳೆಯ ನೀರಿನ ತೊಟ್ಟಿಯೊಂದು ಸಿಕ್ಕಿತು. ಓಡಿಬಂದ ಗುಲಾಮರನ್ನು ಅದರೊಳಗೆ ಬಚ್ಚಿಡುತ್ತಿದ್ದರು ಎಂಬುದು ಅವರ ಅಭಿಪ್ರಾಯ.

ಇನ್ನು 1851ರ ಕ್ರಿಸ್ಟಿಯಾನಾ ಕೇಸು. ವಕೀಲಳಾದ ನೀನು ಇದನ್ನು ತಿಳಿದಿರಬೇಕು. ಅದರ ಹಿಂದಿನ ವರ್ಷ ಅಮೆರಿಕದ ಸಂಸತ್ತು ಕ್ರೂರವಾದ ಒಂದು ಕಾಯ್ದೆ ಮಾಡಿತ್ತು. ಓಡಿಹೋದ ಗುಲಾಮರನ್ನು ಹಿಡಿದುಕೊಡಲು ಎಲ್ಲ ರಾಜ್ಯದವರೂ ನೆರವಾಗಬೇಕು, ಅಡ್ಡಿ ಮಾಡಿದವರಿಗೆ ಶಿಕ್ಷೆ. ಮೇರಿಲ್ಯಾಂಡಿನ ಎಡ್ವರ್ಡ್ ಗಾರ್ಸಚ್ ಎಂಬ ಒಡೆಯ ಸೆಪ್ಟೆಂಬರ್ 11ರ ಬೆಳಗ್ಗೆ ಲ್ಯಾಂಕಾಸ್ಟರ್ ಸೀಮೆಯ ಕ್ರಿಸ್ಟಿಯಾನಾ ಹಳ್ಳಿಗೆ ಬಂದು, ವಿಲಿಯಂ ಪಾರ್ಕರ್ ಎಂಬ ಕಪ್ಪು ಮನುಷ್ಯನ ಮನೆಯನ್ನು ಸುತ್ತುವರಿದ. ಒಳಗಿದ್ದವರೂ ನೆರೆಯವರೂ ಎದುರು ನಿಂತರು. ಗಲಾಟೆಯಲ್ಲಿ ಒಡೆಯ ಸತ್ತ. ಸರ್ಕಾರ ಮೂವತ್ತಕ್ಕೂ ಹೆಚ್ಚು ಜನರ ಮೇಲೆ ದೇಶದ್ರೋಹದ ಆರೋಪ ಹೊರಿಸಿತು. ಮೊದಲು ವಿಚಾರಣೆಗೆ ನಿಲ್ಲಿಸಿದ್ದು ಕ್ಯಾಸ್ಟ್ನರ್ ಹ್ಯಾನ್ವೇ ಎಂಬ ಬಿಳಿಯನನ್ನು, ಒಂದು ಹಿಟ್ಟಿನ ಗಿರಣಿಯವನನ್ನು. ಒಡೆಯನ ಕಡೆಯವರಿಗೆ ಸಹಾಯ ಮಾಡಲು ಒಪ್ಪದೆ ನಿಂತದ್ದು ಅವನ ಅಪರಾಧ. ವಿಚಾರಣೆ ನಡೆದದ್ದು ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್‌ನಲ್ಲಿ, ಎಲ್ಲ ಮನುಷ್ಯರೂ ಸಮಾನರು ಎಂದು ಅಮೆರಿಕ ಜಗತ್ತಿಗೆ ಸಾರಿದ ಅದೇ ಕಟ್ಟಡದಲ್ಲಿ.

ಆರೋಪಿ ಪರ ವಕೀಲರ ತಂಡದಲ್ಲಿ ಸ್ಟೀವನ್ಸ್ ಇದ್ದ. ಆದರೆ ಮುಂದೆ ನಿಂತು ವಾದವನ್ನು ನಡೆಸಿದವನು ಜಾನ್ ರೀಡ್. ಗುಲಾಮಗಿರಿಯ ಕಡುವಿರೋಧಿ ಎಂದು ಸ್ಟೀವನ್ಸ್‌ಗೆ ಹೆಸರಿದ್ದುದರಿಂದ ಅವನ ಮುಖ ಕಂಡರೇ ಕೆಲವು ಜ್ಯೂರಿಗಳ ಮನಸ್ಸು ಕೆಡಬಹುದಿತ್ತು. ಅದಕ್ಕೇ ಹಿಂದಿನ ಸಾಲಿನಲ್ಲಿ ಕೂತ. ತನ್ನ ಹೆಸರಿಗಿಂತ ಕಟಕಟೆಯಲ್ಲಿದ್ದವನ ಪ್ರಾಣ ದೊಡ್ಡದು ಎಂದು ತಿಳಿದ ವಕೀಲ ಹಾಗೆ ಮಾಡುತ್ತಾನೆ. ಜ್ಯೂರಿ ಕಾಲು ಗಂಟೆಯಲ್ಲಿ ಹ್ಯಾನ್ವೇ ನಿರಪರಾಧಿ ಎಂದಿತು. ಉಳಿದವರ ಮೇಲಿನ ದೇಶದ್ರೋಹದ ಆರೋಪವೂ ಬಿದ್ದುಹೋಯಿತು. ಸ್ಟೀವನ್ಸ್ ಅದಕ್ಕೆ ಬೆಲೆ ತೆತ್ತ. 1849ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಗೆ ಹೋಗಿದ್ದವನಿಗೆ ಈ ಕೇಸಿನ ಮುಂದಿನ ಚುನಾವಣೆಗೆ ಪಕ್ಷ ಟಿಕೆಟ್ ಕೊಡಲಿಲ್ಲ. ಮತ್ತೆ ಅಲ್ಲಿಗೆ ಹೋದದ್ದು 1859ರಲ್ಲಿ, ಜನ ಮೂಲೆ ಸೇರುವ ವಯಸ್ಸಿನಲ್ಲಿ. ಅವನ ಬಾಳಿನ ದೊಡ್ಡ ಕೆಲಸವೆಲ್ಲ ಆದದ್ದು ಅಲ್ಲಿಂದ ಮುಂದೆ.

ದಕ್ಷಿಣದ ರಾಜ್ಯಗಳು ದಂಗೆ ಎದ್ದು ಅಂತರ್ಯುದ್ಧ ಶುರುವಾದಾಗ ಅವನು ಹಣಕಾಸಿನ ಸಮಿತಿಯ ಅಧ್ಯಕ್ಷ. ಸೈನ್ಯಕ್ಕೆ ದುಡ್ಡು ಹೊಂದಿಸಿದ್ದು, 1862ರಲ್ಲಿ ಕಾಗದದ ನೋಟನ್ನು ಚಲಾವಣೆಗೆ ತಂದ ಕಾಯ್ದೆಯನ್ನು ದಾಟಿಸಿದ್ದು ಅವನ ಮೇಲ್ವಿಚಾರಣೆಯಲ್ಲೇ. ಅದರ ವಿವರ ಈಗ ಬೇಡ. 1863ರ ಜೂನ್‌ನಲ್ಲಿ ದಕ್ಷಿಣದ ಸೈನ್ಯ ಪೆನ್ಸಿಲ್ವೇನಿಯಾಕ್ಕೆ ನುಗ್ಗಿದಾಗ ಜನರಲ್ ಜೂಬಲ್ ಅರ್ಲಿ, ಇದು ಸ್ಟೀವನ್ಸ್‌ನದು ಎಂದು ತಿಳಿದೇ ಅವನ ಕ್ಯಾಲಿಡೋನಿಯಾ ಕಬ್ಬಿಣದ ಕಾರ್ಖಾನೆಯನ್ನು ಸುಟ್ಟುಹಾಕಿದ. ಸುದ್ದಿ ತಿಳಿದಾಗ ಸ್ಟೀವನ್ಸ್ ಕಾಗದದಲ್ಲಿ ಚಿಂತಿಸಿದ್ದು ಅಲ್ಲಿ ದುಡಿಯುತ್ತಿದ್ದ ಬಡ ಸಂಸಾರಗಳು ಏನು ಮಾಡುತ್ತವೋ, ಅವರಿಗೆ ಸದ್ಯಕ್ಕೆ ಏನಾದರೂ ಒದಗಿಸಬೇಕು ಎಂದು.

1865ರ ಜನವರಿ 31ರಂದು ಗುಲಾಮಗಿರಿಯನ್ನು ಕಿತ್ತೊಗೆಯುವ ಹದಿಮೂರನೆಯ ತಿದ್ದುಪಡಿ ಕೆಳಮನೆಯಲ್ಲಿ 119ಕ್ಕೆ 56 ಮತದಿಂದ ಗೆದ್ದಿತು. ಸ್ಪೀಲ್‌ಬರ್ಗ್ 2012ರಲ್ಲಿ ಮಾಡಿದ ‘ಲಿಂಕನ್’ ಸಿನಿಮಾದಲ್ಲಿ ಆ ದಿನವನ್ನು ನೀನು ನೋಡಿರಬಹುದು. ಟಾಮಿ ಲೀ ಜೋನ್ಸ್ ಮಾಡಿದ ವಿಗ್ ಹಾಕಿಕೊಂಡ ಗಡುಸು ಮುದುಕನೇ ಸ್ಟೀವನ್ಸ್. ಸಿನಿಮಾದಲ್ಲಿ ಅವನ ಕತೆ ಅಲ್ಲಿಗೆ ನಿಲ್ಲುತ್ತದೆ. ಸ್ಟೀವನ್ಸ್ ಅಲ್ಲಿಗೆ ನಿಲ್ಲಲಿಲ್ಲ.

ಬೇಡಿ ತೆಗೆದ ಮಾತ್ರಕ್ಕೆ ಮನುಷ್ಯ ಸ್ವತಂತ್ರನಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ನಿನ್ನೆಯವರೆಗೆ ಗುಲಾಮನಾಗಿದ್ದವನಿಗೆ ಇಂದು ಉಳಲು ನೆಲವಿಲ್ಲ, ಮನೆಯಿಲ್ಲ. ಅವನು ಹೊಟ್ಟೆಪಾಡಿಗೆ ಹಳೆಯ ಒಡೆಯನ ಬಾಗಿಲಿಗೇ ಹೋಗಬೇಕು. ಅದೇ ವರ್ಷ ಸೆಪ್ಟೆಂಬರ್ 6ರಂದು ಲ್ಯಾಂಕಾಸ್ಟರ್‌ನಲ್ಲಿ ಮಾತಾಡುತ್ತ, ದಂಗೆ ಎದ್ದ ದೊಡ್ಡ ಜಮೀನ್ದಾರರ ಭೂಮಿಯನ್ನು ಸರ್ಕಾರ ವಶಪಡಿಸಿಕೊಂಡು ಬಿಡುಗಡೆಯಾದ ಪ್ರತಿ ವಯಸ್ಕ ಗಂಡಸಿಗೆ ನಲವತ್ತು ಎಕರೆ ಕೊಡಬೇಕು ಎಂದ. ಮರುವರ್ಷ ಸಂಸತ್ತಿನಲ್ಲಿ ಭೂಮಿ ಹಂಚುವ ಅವನ ಸೂಚನೆಗೆ ಬಿದ್ದದ್ದು 37 ಮತ, ವಿರುದ್ಧವಾಗಿ 126. 1867ರಲ್ಲಿ ಮತ್ತೆ ಮಸೂದೆ ತಂದ. ಅದೂ ಆಗಲಿಲ್ಲ. ಆ ಸೋಲಿನ ಫಲವನ್ನು ಅಮೆರಿಕದ ಕಪ್ಪು ಜನ ತಲೆತಲಾಂತರ ಉಂಡರು. ಪಾಲಿಗೆ ಮಾಡಿದ ಬೇಸಾಯ, ಎಂದೂ ತೀರದ ಸಾಲ, ಮತ್ತೆ ಅದೇ ಒಡೆಯ. ನಮ್ಮಲ್ಲಿ 1974ರ ಭೂಸುಧಾರಣೆ ಬಂದಾಗ ಗೇಣಿದಾರರು ಫಾರಂ ನಂ. 7 ಹಿಡಿದು ತಾಲ್ಲೂಕು ಕಚೇರಿ ಮುಂದೆ ಸಾಲುಗಟ್ಟಿದ ಕತೆಯನ್ನು ನಿಮ್ಮ ತಾತ ಹೇಳುತ್ತಿದ್ದರಲ್ಲ, ನೆಲ ತನ್ನದಾದ ಮೇಲೆ ಅದೇ ಮನುಷ್ಯ ಧಣಿಯ ಮುಂದೆ ನಿಲ್ಲುವ ರೀತಿಯೇ ಬೇರೆಯಾಯಿತು ಎಂದು. ಸ್ಟೀವನ್ಸ್ ಕೇಳಿದ್ದು ಅದನ್ನೇ. ಆ ಒಂದು ಕೆಲಸ ಅಂದು ಆಗಿದ್ದಿದ್ದರೆ ಆ ದೇಶದ ಚರಿತ್ರೆಯೇ ಬೇರೆಯಾಗುತ್ತಿತ್ತು ಎಂದು ನಾನು ಖಂಡಿತವಾಗಿ ನಂಬಿದ್ದೇನೆ.

ಇನ್ನು ಹದಿನಾಲ್ಕನೆಯ ತಿದ್ದುಪಡಿ. ಲಿಂಕನ್ನನ ಕೊಲೆಯ ನಂತರ ಅಧ್ಯಕ್ಷನಾದ ಆಂಡ್ರ್ಯೂ ಜಾನ್ಸನ್ ದಕ್ಷಿಣದ ಹಳೆಯ ಯಜಮಾನರ ಕೈಗೇ ಅಧಿಕಾರ ಮರಳುವಂತೆ ಮಾಡುತ್ತಿದ್ದ. ಅಲ್ಲಿನ ರಾಜ್ಯಗಳು ಕಪ್ಪು ಜನರ ಓಡಾಟಕ್ಕೆ, ಕೆಲಸಕ್ಕೆ ಕಟ್ಟುಹಾಕುವ ಕಾಯ್ದೆಗಳನ್ನು ಮಾಡತೊಡಗಿದವು. ಅದನ್ನು ತಡೆಯಲು ಸಂಸತ್ತಿನ ಎರಡೂ ಮನೆಗಳ ಹದಿನೈದು ಜನರ ಸಮಿತಿಯಾಯಿತು. ಕೆಳಮನೆಯ ಕಡೆಯಿಂದ ಅದರ ಮುಂದಾಳು ಸ್ಟೀವನ್ಸ್. ಯಾವ ರಾಜ್ಯವೂ ಯಾರಿಗೂ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸುವಂತಿಲ್ಲ ಎಂಬ ಕಲಮಿನ ಒಕ್ಕಣೆ ಒಹಾಯೊದ ಜಾನ್ ಬಿಂಗಮ್‌ನದು. ಸಂಸತ್ತಿನಲ್ಲಿ ಅದನ್ನು ಹೊತ್ತು ದಡ ಸೇರಿಸಿದವನು ಸ್ಟೀವನ್ಸ್.

ಅವನಿಗೆ ಅದು ಸಾಕಾಗಿರಲಿಲ್ಲ. ಕಪ್ಪು ಜನರಿಗೆ ಮತದಾನದ ಹಕ್ಕನ್ನು ಅದು ನೇರವಾಗಿ ಕೊಟ್ಟಿರಲಿಲ್ಲ. ಇಷ್ಟು ಕೊರತೆ ಇರುವುದನ್ನು ನೀನು ಯಾಕೆ ಒಪ್ಪುತ್ತೀಯ ಎಂದು ಕೇಳುವವರಿಗೆ, ತಾನು ಬದುಕಿರುವುದು ಮನುಷ್ಯರ ನಡುವೆ, ದೇವದೂತರ ನಡುವೆ ಅಲ್ಲ ಎಂಬ ಅರ್ಥದ ಉತ್ತರ ಕೊಟ್ಟ. 1866ರ ಜೂನ್ 13ರಂದು 120ಕ್ಕೆ 32 ಮತದಿಂದ ಅದು ಕೆಳಮನೆಯಲ್ಲಿ ಗೆದ್ದಿತು. ಸಿಕ್ಕಿದ್ದನ್ನು ಕೈಗೆ ತೆಗೆದುಕೊಂಡು, ಸಿಗದೆ ಇದ್ದುದನ್ನು ಮರುದಿನವೇ ಮತ್ತೆ ಕೇಳುವುದು ಅವನ ರೀತಿ. ಮುಂದಿನ ವರ್ಷವೇ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಗಂಡಸರಿಗೆ ಮತದಾನ ಕೊಡಿಸುವ ಪುನರ್ರಚನೆಯ ಕಾಯ್ದೆಗಳು ಬಂದವು. ಕೋರ್ಟಿನಲ್ಲಿ ನಿನಗೂ ಎಷ್ಟೋ ಸಲ ಅರ್ಧ ನ್ಯಾಯವೇ ಸಿಗುತ್ತದೆ. ಅದನ್ನು ಎಸೆದು ಬರಬೇಡ, ಅದರಿಂದ ತೃಪ್ತಳೂ ಆಗಬೇಡ. ಅಪೀಲು ಹಾಕು.

ಸಮಾನ ರಕ್ಷಣೆಯ ಆ ಕಲಮು ನಮ್ಮ ಮನೆಗೂ ಬಂದಿದೆ. ನಮ್ಮ ಸಂವಿಧಾನದ 14ನೇ ಅನುಚ್ಛೇದವನ್ನು ತೆಗೆದು ನೋಡು. ಕಾನೂನಿನ ಮುಂದೆ ಸಮಾನತೆ ಎಂಬ ಮೊದಲರ್ಧ ಇಂಗ್ಲೆಂಡಿನ ಕಡೆಯಿಂದ ಬಂದದ್ದು. ಕಾನೂನುಗಳ ಸಮಾನ ಸಂರಕ್ಷಣೆ ಎಂಬ ಎರಡನೆಯ ಅರ್ಧ ಅಮೆರಿಕದ ಈ ಹದಿನಾಲ್ಕನೆಯ ತಿದ್ದುಪಡಿಯಿಂದ ಬಂದದ್ದು. ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಬಾಬಾಸಾಹೇಬ್ ಅಂಬೇಡ್ಕರ್ ಅವರು 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು. ಅದಕ್ಕೂ ಮೊದಲೇ, ಸ್ಟೀವನ್ಸ್ ತೀರಿಕೊಂಡ ಐದು ವರ್ಷಕ್ಕೆ, 1873ರಲ್ಲಿ ಜೋತಿಬಾ ಫುಲೆಯವರು ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ನೀಗ್ರೋ ಗುಲಾಮರ ಬಿಡುಗಡೆಗಾಗಿ ತ್ಯಾಗ ಮಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದ್ದರು. ಆ ಸಜ್ಜನರ ಸಾಲಿನಲ್ಲಿ ನಾನು ಸ್ಟೀವನ್ಸ್‌ನನ್ನು ಮುಂದೆ ನಿಲ್ಲಿಸುತ್ತೇನೆ.

1868ರಲ್ಲಿ ಜಾನ್ಸನ್‌ನನ್ನು ಅಧ್ಯಕ್ಷ ಪದವಿಯಿಂದ ಇಳಿಸಲು ಮಹಾಭಿಯೋಗ ನಡೆಯಿತು. ಸ್ಟೀವನ್ಸ್‌ಗೆ ಆಗ ನಡೆಯಲೂ ಆಗದು. ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುತ್ತಿದ್ದರು. ಮೇಲ್ಮನೆಯಲ್ಲಿ 35ಕ್ಕೆ 19 ಮತ ಬಿದ್ದು, ಬೇಕಾದ ಮೂರನೇ ಎರಡರ ಬಹುಮತಕ್ಕೆ ಒಂದೇ ಒಂದು ಮತ ಕಡಿಮೆಯಾಗಿ ಜಾನ್ಸನ್ ಉಳಿದುಕೊಂಡ. ಜುಲೈ 28ರಂದು ಹದಿನಾಲ್ಕನೆಯ ತಿದ್ದುಪಡಿ ಸಂವಿಧಾನದ ಭಾಗವಾಯಿತೆಂದು ಘೋಷಣೆಯಾಯಿತು. ಎರಡು ವಾರಕ್ಕೆ, ಆಗಸ್ಟ್ 11ರ ರಾತ್ರಿ ಸ್ಟೀವನ್ಸ್ ವಾಷಿಂಗ್ಟನ್‌ನಲ್ಲಿ ತೀರಿಕೊಂಡ. ಲಿಡಿಯಾ ಸ್ಮಿತ್ ಹಾಸಿಗೆಯ ಬಳಿಯಲ್ಲೇ ಇದ್ದರು. ಸಂಸತ್ ಭವನದ ಗುಮ್ಮಟದ ಕೆಳಗೆ ಸಾರ್ವಜನಿಕ ದರ್ಶನಕ್ಕೆ ದೇಹವಿಡುವ ಗೌರವ ಅವನಿಗಿಂತ ಮೊದಲು ಸಿಕ್ಕಿದ್ದು ಹೆನ್ರಿ ಕ್ಲೇ ಮತ್ತು ಲಿಂಕನ್ ಇಬ್ಬರಿಗೇ. ಸ್ಟೀವನ್ಸ್‌ನ ದೇಹದ ಸುತ್ತ ಕಾವಲು ನಿಂತವರು ಕಪ್ಪು ಸೈನಿಕರು.

ಲ್ಯಾಂಕಾಸ್ಟರ್‌ನ ದೊಡ್ಡ ಸ್ಮಶಾನಗಳಲ್ಲಿ ಕಪ್ಪು ಜನರಿಗೆ ಜಾಗವಿರಲಿಲ್ಲ. ಅದಕ್ಕಾಗಿ ಅವನು ಎಲ್ಲ ಬಣ್ಣದವರನ್ನೂ ಸೇರಿಸಿಕೊಳ್ಳುತ್ತಿದ್ದ ಶ್ರೈನರ್ಸ್ ಎಂಬ ಸಣ್ಣ ಸ್ಮಶಾನವನ್ನು ಮೊದಲೇ ಆರಿಸಿಕೊಂಡಿದ್ದ. ಬದುಕಿನುದ್ದಕ್ಕೂ ಹೇಳಿದ ಸಮಾನತೆಯನ್ನು ಸಾವಿನಲ್ಲೂ ತೋರಿಸಲೆಂದೇ ಇಲ್ಲಿ ಮಲಗಿದ್ದೇನೆ ಎಂಬರ್ಥದ ಬರಹವನ್ನು ಸಮಾಧಿಯ ಕಲ್ಲಿಗೆ ತಾನೇ ಬರೆದಿಟ್ಟಿದ್ದ. ಅವನ ಉಯಿಲಿನ ಹಣದಿಂದ, ಜಾತಿ ಬಣ್ಣ ನೋಡದೆ ಅನಾಥ ಮಕ್ಕಳಿಗೆ ಕಸುಬು ಕಲಿಸುವ ಶಾಲೆ ಮುಂದೆ ಬಂತು. ಅದು ಈಗ ಅವನದೇ ಹೆಸರಿನ ತಾಂತ್ರಿಕ ಕಾಲೇಜಾಗಿ ಲ್ಯಾಂಕಾಸ್ಟರ್‌ನಲ್ಲಿ ನಡೆಯುತ್ತಿದೆ.

ಸತ್ತ ಮೇಲೆ ಅವನನ್ನು ಬೈದವರು ಕಡಿಮೆಯಿಲ್ಲ. 1915ರ ‘ದಿ ಬರ್ತ್ ಆಫ್ ಎ ನೇಷನ್’ ಎಂಬ ಮೂಕಿಚಿತ್ರ ಅವನನ್ನು ಹೋಲುವ ಪಾತ್ರವೊಂದನ್ನು ಖಳನನ್ನಾಗಿ ತೋರಿಸಿತು. ಬಹಳ ಕಾಲ ಪಠ್ಯಪುಸ್ತಕಗಳೂ ಅವನನ್ನು ಸೇಡಿನ ಮನುಷ್ಯ ಎಂದೇ ಬರೆದವು. 1935ರಲ್ಲಿ ಕಪ್ಪು ವಿದ್ವಾಂಸ ಡು ಬೋಯಿಸ್ ಆ ಕಾಲದ ಚರಿತ್ರೆಯನ್ನು ಹೊಸದಾಗಿ ಬರೆದ ಮೇಲೆ ನಿಧಾನವಾಗಿ ಆ ಅಭಿಪ್ರಾಯ ತಿರುಗಿತು. ಅವನಲ್ಲಿ ಕುಂದುಗಳಿದ್ದವು. ಜೂಜಾಡುತ್ತಿದ್ದ, ನಾಲಿಗೆ ಚೂರಿಯಂತಿತ್ತು, ಎದುರಾಳಿಯನ್ನು ಮಾತಿನಲ್ಲೇ ಕೊಯ್ಯುತ್ತಿದ್ದ. ಅವನ್ನು ನೀನು ಕಲಿಯಬೇಕಾಗಿಲ್ಲ. ಆದರೆ 1954ರಲ್ಲಿ ಕಪ್ಪು ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಶಾಲೆ ಕೂಡದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ಅವನು ದಡ ಸೇರಿಸಿದ ಆ ತಿದ್ದುಪಡಿಯ ಬಲದಿಂದಲೇ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಈ ವೃತ್ತಿ ನಿನಗೆ ಒಗ್ಗುತ್ತದೆ. ಇಂಥ ಪ್ರಶ್ನೆ ಏಳದವರಿಗಿಂತ ನಿನಗೇ ಹೆಚ್ಚು ಒಗ್ಗುತ್ತದೆ. ಹತ್ತು ವರ್ಷ ಕಳೆದ ಮೇಲೆ ನಾನು ನಿನ್ನನ್ನು ಕೇಳುವುದು ಎಷ್ಟು ಕೇಸು ಗೆದ್ದೆ ಎಂದಲ್ಲ, ಯಾರ ಪರ ನಿಂತೆ ಎಂದು. ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್ ವಕೀಲರಾಗಲು ಮೂರು ವರ್ಷದ ಅನುಭವ ಕೇಳುತ್ತಾರೆ. ಅಲ್ಲಿಯವರೆಗೆ ಸೀನಿಯರ್ ಬಳಿ ಮನಸ್ಸಿಟ್ಟು ಕೆಲಸ ಕಲಿ. ಪಾಟಿ ಸವಾಲು ಕಲಿ, ಕರಡು ಬರೆಯುವುದನ್ನು ಕಲಿ. ಕೆಲಸ ಬರದ ವಕೀಲರಿಂದ ಬಡವರಿಗೆ ಉಪಕಾರವಿಲ್ಲ. ಮೂರು ವರ್ಷ ತುಂಬಿದ ದಿನ ಜಿಲ್ಲಾ ಪ್ರಾಧಿಕಾರದ ಕಚೇರಿಗೆ ಹೋಗಿ ಅರ್ಜಿ ಹಾಕು.

ಇಂತಿ ನಿನ್ನ ಶ್ರೇಯಸ್ಸು ಬಯಸುವ,
ದೊಡ್ಡಪ್ಪ